ನಮ್ಮವ್ವ ಯಾವಾಗ ಅತ್ತಳು?



ಹೋದ ವಾರ ಒಂದು ಸುದ್ದಿ ವೆಬ್‌ಸೈಟ್‌ನಲ್ಲಿ ಬಂದ ನನ್ನ ಲೇಖನವನ್ನ ನಿಮ್ಮಲ್ಲಿ ಬಹಳ ಜನ ಓದಿದ್ದೀರಿ, ಹಂಚಿದ್ದೀರಿ. ನಾನು ಮಾತ್ರ ನನ್ನ ವಾಲ್ ಮೇಲೆ ಹಾಕಿಕೊಳ್ಳಲಿಲ್ಲ. ಯಾಕಣ್ಣ ನೀವೇ ಶೇರ್ ಮಾಡಿಲ್ಲ ಅಂತ ಮೂರ್ನಾಲ್ಕು ಜನ ಇನ್‌ಬಾಕ್ಸ್‌ನಲ್ಲಿ ಕೇಳಿದ್ರು. ಒಂದೊಂದು ಸಾಲಲ್ಲಿ ಉತ್ತರ ಕೊಟ್ಟು ಸುಮ್ಮನಾದೆ. ಆದ್ರೆ ಸುಮ್ಮನಿರೋಕೆ ಆಗ್ತಿಲ್ಲ, ಅದಕ್ಕೇ ಈ ಉದ್ದನೆಯ ಪೋಸ್ಟ್. ತಾಳ್ಮೆ ಇದ್ದೋರು ಓದಿ.

ನಾನು ಕಳಿಸಿದ ಲೇಖನದ ಹೆಸರು ‘ನಮ್ಮವ್ವನ ಸಹಿ’. ಬೆಳಗ್ಗೆ ಆರೂವರೆಗೆ ಗೆಳೆಯನೊಬ್ಬ ಕಳಿಸಿದ ಲಿಂಕ್ ತೆಗೆದು ನೋಡಿದ್ರೆ ಅಲ್ಲಿದ್ದ ಹೆಸರು ‘ಪೊರಕೆ ಹಿಡಿದ ತಾಯಿಯ ಕಣ್ಣೀರು: ಈ ದಲಿತ ಯುವಕನ ಕಥೆ ಓದಿದರೆ ನಿಮ್ಮ ಕರುಳು ಚುರುಕ್ ಎನ್ನುತ್ತದೆ’. ನಾನು ಬೇರೆ ಯಾರದ್ದೋ ಲೇಖನ ಅಂತ ಒಂದು ಕ್ಷಣ ಅಂದುಕೊಂಡೆ. ಕೆಳಗೆ ನನ್ನ ಹೆಸರಿತ್ತು. (ನನಗೆ 41 ವರ್ಷ. ಯುವಕ ಅಂದಿದ್ದಕ್ಕೆ ಬೇಜಾರಿಲ್ಲ.)

ಲೇಖನ ಓದದೆ ಇರೋರಿಗೆ ಸ್ವಲ್ಪ ಹೇಳಬೇಕು. ನಮ್ಮವ್ವ ಇಪ್ಪತ್ತಾರು ವರ್ಷ ಬೀದಿ ಗುಡಿಸಿದಳು. ಮೊದಲ ಹದಿನಾಲ್ಕು ವರ್ಷ ಗುತ್ತಿಗೆದಾರನ ಕೈಕೆಳಗೆ. ತಿಂಗಳ ಕೊನೆಗೆ ಮೇಸ್ತ್ರಿ ಒಂದು ದಪ್ಪ ಪುಸ್ತಕ ತಂದು ಮರದ ಕೆಳಗೆ ಕೂರ್ತಿದ್ದ. ಹೆಂಗಸರು ಸಾಲಾಗಿ ಹೋಗಿ ಎಡಗೈ ಹೆಬ್ಬೆಟ್ಟು ಚಾಚಬೇಕು. ಅವನೇ ಹೆಬ್ಬೆಟ್ಟು ಹಿಡ್ಕೊಂಡು ಇಂಕ್ ಪ್ಯಾಡಿಗೆ ಅದುಮಿ, ಪುಸ್ತಕಕ್ಕೆ ಒತ್ತಿ, ಕೈಗೆ ದುಡ್ಡು ಕೊಟ್ಟು ಕಳಿಸ್ತಿದ್ದ. ನಾನು ಏಳನೇ ಕ್ಲಾಸಲ್ಲಿದ್ದಾಗ ಅವ್ವ ಒಂದಿನ, ‘ಲೋ ಮಗ, ನನ್ ಹೆಸ್ರು ಬರೆಯೋದ್ ಹೇಳ್ಕೊಡ್ಲಾ’ ಅಂದಳು. ಸ್ಲೇಟು, ಬಳಪ. ಅವಳ ಹೆಸರಲ್ಲಿ ಒಂದು ಒತ್ತಕ್ಷರ ಇದೆ, ಅದೊಂದಕ್ಕೇ ಒಂದು ತಿಂಗಳು ಹಿಡೀತು. ಒಟ್ಟು ಮೂರು ತಿಂಗಳು. ಹೆಸರಿನ ಜೊತೆಗೆ ಅಂಕಿಗಳನ್ನೂ ಕಲಿತಳು. ಅದು ನನಗೆ ಗೊತ್ತಿರಲಿಲ್ಲ. ನನ್ನ ತಂಗಿ ಹತ್ರ ಕಲಿತಿದ್ದಳು.

ಆ ತಿಂಗಳು ಮೇಸ್ತ್ರಿ ಹೆಬ್ಬೆಟ್ಟಿಗೆ ಕೈ ಚಾಚಿದಾಗ ಅವ್ವ ಪೆನ್ನು ಕೇಳಿದಳು. ಅವನು ನಕ್ಕು ಕೊಟ್ಟ. ಅವ್ವ ಸಹಿ ಹಾಕೋ ಮೊದಲು ಪಕ್ಕದಲ್ಲಿದ್ದ ಅಂಕಿ ಓದಿದಳು. ಪುಸ್ತಕದಲ್ಲಿ ಬರೆದದ್ದು ಒಂದು, ಕೈಗೆ ಬರೋದು ಇನ್ನೊಂದು. ‘ಇಷ್ಟು ಕೊಟ್ರೆ ಇದಕ್ಕೆ ಸಹಿ. ಅಷ್ಟು ಕೊಡೋದಾದ್ರೆ ಅಷ್ಟೇ ಬರಿ’ ಅಂದಳು. ಅಷ್ಟೇ ಮಾತು. ಹನ್ನೊಂದು ದಿನ ಕೆಲಸ ಇರಲಿಲ್ಲ. ಹನ್ನೆರಡನೇ ದಿನ ಇನ್ನೂ ನಾಲ್ಕು ಜನ ಹೆಂಗಸರು ‘ನಮಗೂ ಅಂಕಿ ಓದಿ ಹೇಳು’ ಅಂತ ಅವಳ ಹಿಂದೆ ನಿಂತರು. ಮೇಸ್ತ್ರಿ ವಾಪಸ್ ಕರೆದ. ಅಲ್ಲಿಂದಾಚೆಗೆ ನಮ್ಮ ವಾರ್ಡಿನ ಪುಸ್ತಕದಲ್ಲಿ ಬರೆದಷ್ಟು ಕೈಗೆ ಬಂತು.

ಇದು ನಾನು ಬರೆದಿದ್ದು. ಸುಮಾರು ಸಾವಿರದ ಇನ್ನೂರು ಪದ. ಅದರಲ್ಲಿ ಒಂದೇ ಒಂದು ಕಡೆ ಅವ್ವ ಅಳಲ್ಲ. ಕಣ್ಣೀರು ಅನ್ನೋ ಪದವೇ ಇಲ್ಲ. ಪೊರಕೆ ಒಂದು ಸಲ ಬರುತ್ತೆ, ಅದೂ ಗೋಡೆಗೆ ಒರಗಿಸಿಟ್ಟು ಪೆನ್ನು ಹಿಡಿಯೋವಾಗ.

ಸಂಪಾದಕರಿಗೆ ಫೋನ್ ಮಾಡಿದೆ. ಕೆಟ್ಟ ಮನುಷ್ಯ ಅಲ್ಲ, ನಮ್ಮ ಕಾರ್ಯಕ್ರಮಗಳಿಗೆ ಬರೋರು, ನೀಲಿ ಶಾಲು ಹಾಕಿಸಿಕೊಂಡೋರು. ‘ಸರ್, ಹೆಡ್ಡಿಂಗ್ ಹಾಕೋದು ಡೆಸ್ಕಿನವರು. ಎಲ್ಲಾ ಲೇಖನಗಳಿಗೂ ಹಾಗೇನೇ. ನಮ್ಮವ್ವನ ಸಹಿ ಅಂದ್ರೆ ಯಾರೂ ಒತ್ತಲ್ಲ ಸರ್, ಏನು ವಿಷಯ ಅಂತ್ಲೇ ಗೊತ್ತಾಗಲ್ಲ. ಒಳಗಡೆ ನಿಮ್ಮ ಒಂದಕ್ಷರ ಮುಟ್ಟಿಲ್ಲ ನೋಡಿ’ ಅಂದ್ರು. ನಿಜ, ಒಳಗೆ ಒಂದಕ್ಷರ ಮುಟ್ಟಿರಲಿಲ್ಲ. ಆಮೇಲೆ, ‘ನಾಲ್ಕು ಗಂಟೇಲಿ ಎಷ್ಟು ಜನ ಓದಿದಾರೆ ಗೊತ್ತಾ ಸರ್’ ಅಂತ ಒಂದು ಸಂಖ್ಯೆ ಹೇಳಿದ್ರು. ದೊಡ್ಡ ಸಂಖ್ಯೆನೇ. ಸುಳ್ಳು ಯಾಕೆ ಹೇಳಲಿ, ಆ ಸಂಖ್ಯೆ ಕೇಳಿ ಅರ್ಧ ನಿಮಿಷ ನನ್ನ ಸಿಟ್ಟು ಇಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಅವ್ವನ ಫೋನ್ ಬಂತು. ಅವಳ ಜೊತೆ ಕೆಲಸ ಮಾಡಿದ್ದ ದೊಡ್ಡವ್ವನ ಮೊಮ್ಮಗಳು ವಾಟ್ಸಾಪಿನಲ್ಲಿ ಬಂದ ಚಿತ್ರ ತೋರಿಸಿದ್ದಾಳೆ. ಚಿತ್ರದಲ್ಲಿ ಹೆಡ್ಡಿಂಗ್ ಮಾತ್ರ ಇರೋದು, ಹಿಂದೆ ಯಾರೋ ಗುರುತಿಲ್ಲದ ಹೆಂಗಸಿನ ಬೆನ್ನು. ಅವ್ವ ಹೆಸರು ಬರೆಯೋಕೆ ಅಂತ ಅಕ್ಷರ ಕಲಿತೋಳು, ಈಗ ಬಸ್ಸಿನ ಬೋರ್ಡು, ಅಂಗಡಿ ಹೆಸರು ಎಲ್ಲಾ ಕೂಡಿಸಿಕೊಂಡು ಓದ್ತಾಳೆ. ದಪ್ಪ ಅಕ್ಷರದ ಹೆಡ್ಡಿಂಗನ್ನೂ ಹಾಗೇ ಕೂಡಿಸಿಕೊಂಡು ಓದಿದ್ದಾಳೆ.

‘ಏನ್ಲಾ, ನಾನ್ ಯಾವಾಗ್ಲಾ ಅತ್ತೆ?’

ನನ್ನ ಹತ್ರ ಉತ್ತರ ಇರಲಿಲ್ಲ. ಅದು ನಾನಲ್ಲವ್ವ, ಪೇಪರ್ನೋರು ಹಾಕಿದ್ದು ಅಂದೆ. ‘ಕೆಳಗೆ ನಿನ್ ಹೆಸ್ರೈತಲ್ಲ?’ ಅಂದಳು.

ಸಂಜೆ ರೇಷನ್ ಅಂಗಡಿ ಹತ್ರ ಅವಳಿಗೆ ಆ ಹಳೇ ಮೇಸ್ತ್ರಿ ಸಿಕ್ಕಿದ್ದಾನೆ. ಈಗ ವಯಸ್ಸಾಗಿದೆ, ಕೋಲು ಹಿಡಿದು ನಡೀತಾನೆ. ಅವನಿಗೂ ಆ ಚಿತ್ರ ಬಂದಿದೆ. ಒಳಗಿನ ಲೇಖನ ಓದಿಲ್ಲ, ಓದಿದ್ರೆ ಮಾತಾಡ್ತಿರಲಿಲ್ಲ. ‘ಏನಮ್ಮೋ, ಆಗ ಅಷ್ಟೊಂದ್ ಅಳ್ತಿದ್ದಾ? ನಮ್ಗೊಂದ್ ಮಾತ್ ಹೇಳ್ಬಾರ್ದಿತ್ತಾ, ಏನಾರ ಮಾಡ್ತಿದ್ದೋ’ ಅಂತ ಕನಿಕರ ತೋರಿಸಿದ್ದಾನೆ.

ನನಗೆ ಹೊಟ್ಟೆಯೊಳಗೆ ಬೆಂಕಿ ಬಿದ್ದದ್ದು ಇಲ್ಲಿ. ಮೂವತ್ತು ವರ್ಷದ ಹಿಂದೆ ಆ ಮರದ ಕೆಳಗೆ ಅವ್ವ ಗೆದ್ದಿದ್ದಳು. ಅವನಿಗೂ ಅದು ಗೊತ್ತಿತ್ತು, ಅವ್ವ ಎದುರಿಗೆ ಬಂದ್ರೆ ಅವನು ದಾರಿ ಬದಲಿಸ್ತಿದ್ದ. ಒಂದು ಹೆಡ್ಡಿಂಗ್ ಅವನ ಕೈಗೆ ಆ ಗೆಲುವನ್ನ ವಾಪಸ್ ಕೊಟ್ಟುಬಿಡ್ತು. ಈಗ ಅವನು ಕನಿಕರ ಪಡೋ ದೊಡ್ಡ ಮನುಷ್ಯ, ನಮ್ಮವ್ವ ಅಳೋಳು.

ಲೇಖನದ ಕೆಳಗಿನ ಪ್ರತಿಕ್ರಿಯೆಗಳೂ ಹಂಗೇ. ಕೈಮುಗಿದ ಚಿತ್ರ, ಅಳೋ ಮುಖದ ಚಿತ್ರ, ‘ಪಾಪ’. ಒಬ್ಬರು ನಮ್ಮವ್ವನ ಫೋನ್‌ಪೇ ನಂಬರ್ ಕೇಳಿದ್ರು, ಐನೂರು ರೂಪಾಯಿ ಹಾಕ್ತೀನಿ ಅಂತ. ಒಳ್ಳೇ ಮನಸ್ಸಿನಿಂದಲೇ ಕೇಳಿದ್ದಾರೆ. ಆದ್ರೆ ಕೂಲಿ ಕದ್ದ ಕಥೇನ ಯಾರೂ ಮಾತಾಡಲಿಲ್ಲ. ಹೆಡ್ಡಿಂಗ್ ಅವರಿಗೆ ಮೊದಲೇ ಅಳೋಕೆ ಹೇಳಿ ಕಳಿಸಿತ್ತು, ಅವರು ಅತ್ತು ಹೋದರು.

ನಮ್ಮ ಜನಕ್ಕೆ ಇದು ಹೊಸದಲ್ಲ ಅನ್ನೋದೇ ಇನ್ನೂ ಬೇಜಾರು. 1973ರ ನವೆಂಬರ್‌ನಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತಾಡಿದ್ರಲ್ಲ, ಅದರಲ್ಲಿ ಇವತ್ತು ಯಾರಿಗೆ ಏನು ನೆನಪಿದೆ? ‘ಬೂಸಾ’ ಅನ್ನೋ ಒಂದು ಪದ. ಅದರ ಹಿಂದೆ ಮುಂದೆ ಅವರು ಏನು ಹೇಳಿದ್ರು, ಯಾರಿಗೆ ಹೇಳ್ತಿದ್ರು, ಯಾಕೆ ಹೇಳಿದ್ರು, ಅದೆಲ್ಲಾ ಆ ಒಂದು ಪದದ ಕೆಳಗೆ ಮುಚ್ಚಿಹೋಯ್ತು. ಹಾಸ್ಟೆಲ್ ಹುಡುಗರು ಹೊಡೆತ ತಿಂದರು, ಅವರು ಮಂತ್ರಿ ಸ್ಥಾನ ಬಿಡಬೇಕಾಯ್ತು. ಇಡೀ ಮಾತಿಗೆ ಯಾರೋ ಇಟ್ಟ ಹೆಸರೇ ಆ ಮಾತಿನ ಹಣೆಬರಹ ಆಯ್ತು.

‘ಹರಿಜನ’ ಅನ್ನೋದೂ ಒಂಥರಾ ಹೆಡ್ಡಿಂಗೇ ತಾನೆ? ಪ್ರೀತಿಯಿಂದ ಇಟ್ಟದ್ದು ಅಂದ್ರು. ನಮ್ಮನ್ನ ಕೇಳಿ ಇಟ್ಟದ್ದಲ್ಲ. 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ಒಂದು ಮಸೂದೆಯೊಳಗೆ ಆ ಪದ ಸೇರಿಸಿದಾಗ ಬಾಬಾಸಾಹೇಬರು ವಿರೋಧಿಸಿ, ತಮ್ಮ ಪಕ್ಷದವರ ಜೊತೆ ಸಭೆಯಿಂದ ಎದ್ದು ಹೊರಗೆ ನಡೆದರು. ಅದಕ್ಕೂ ಎರಡು ವರ್ಷದ ಹಿಂದೆ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದ ಕಥೆ ನಿಮಗೆ ಗೊತ್ತೇ ಇದೆ. ಭಾಷಣಕ್ಕೆ ಕರೆದವರೂ ಅವರೇ, ಅಚ್ಚಿಗೆ ಹೊರಟ ಭಾಷಣದಲ್ಲಿ ಇಷ್ಟು ತೆಗೀರಿ, ಅಷ್ಟು ಬದಲಿಸಿ ಅಂದವರೂ ಅವರೇ. ಅವರೂ ಜಾತಿ ವಿರೋಧಿಗಳೇ, ಸುಧಾರಕರೇ. ಬಾಬಾಸಾಹೇಬರು ಏನನ್ನೂ ಬದಲಿಸಲಿಲ್ಲ. ಸಮ್ಮೇಳನ ನಡೆಯಲಿಲ್ಲ. ಅವರು ತಮ್ಮ ಖರ್ಚಲ್ಲೇ 1500 ಪ್ರತಿ ಅಚ್ಚು ಹಾಕಿಸಿದ್ರು. ಆ ಮಂಡಲವನ್ನ ಇವತ್ತು ಜನ ನೆನೆಸೋದೇ ‘ಜಾತಿ ವಿನಾಶ’ದ ಮುನ್ನುಡಿಯಿಂದ.

ನನ್ನ ಸಣ್ಣ ಲೇಖನವನ್ನ ಅದರ ಪಕ್ಕ ಇಡ್ತಿಲ್ಲ, ತಪ್ಪು ತಿಳೀಬೇಡಿ. ವಕೀಲ ಗೆಳೆಯರೊಬ್ಬರು 1957ರ ಕಾಪಿರೈಟ್ ಕಾಯ್ದೆಯ 57ನೇ ಕಲಂ ಓದಿಸಿದ್ರು. ಬರೆದವನ ಮಾನಕ್ಕೆ ಧಕ್ಕೆ ಆಗೋ ಹಾಗೆ ಕೃತಿಯನ್ನ ತಿರುಚಿದ್ರೆ ಕೇಳೋ ಹಕ್ಕು ಅವನಿಗಿದೆ, ಹಕ್ಕು ಮಾರಿದ್ರೂ ಅದು ಹೋಗಲ್ಲ ಅಂತ. ಒಳ್ಳೇದು. ಆದ್ರೆ ಅಲ್ಲಿ ಧಕ್ಕೆ ಆಗಿದ್ದು ನನ್ನ ಮಾನಕ್ಕಲ್ಲ, ಅವ್ವನ ಮಾನಕ್ಕೆ. ಅವಳು ಯಾವ ಕಲಂ ಹಿಡ್ಕೊಂಡು ಹೋಗ್ತಾಳೆ?

ಸಂಪಾದಕರು ಹೆಸರೇ ಇಡಬಾರದು ಅಂತ ನಾನು ಹೇಳ್ತಿಲ್ಲ. ಓಂಪ್ರಕಾಶ್ ವಾಲ್ಮೀಕಿಯವರ ‘ಜೂಠನ್’ಗೆ ಆ ಹೆಸರು ಸೂಚಿಸಿದ್ದು ‘ಹಂಸ್’ ಸಂಪಾದಕರಾಗಿದ್ದ ರಾಜೇಂದ್ರ ಯಾದವ್. ವಾಲ್ಮೀಕಿಯವರೇ ಅದನ್ನ ಬರೆದುಕೊಂಡಿದ್ದಾರೆ. ಎಂಜಲು ಅನ್ನೋದಕ್ಕಿಂತ ಕಟುವಾದ ಹೆಸರು ಯಾವುದಿದೆ? ಆದ್ರೂ ಅದು ಅವರ ಪುಸ್ತಕದ ಒಳಗಿಂದಲೇ ಎದ್ದು ಬಂದ ಹೆಸರು. ಪುಸ್ತಕ ಓದಿ, ಬರೆದವರ ಮುಂದಿಟ್ಟು, ಅವರು ಒಪ್ಪಿ ಇಟ್ಟದ್ದು. ನನ್ನ ಲೇಖನದ ಒಳಗೆ ಇಲ್ಲದ ಕಣ್ಣೀರನ್ನ ಡೆಸ್ಕಿನವರು ಎಲ್ಲಿಂದ ತಂದ್ರು? ದಲಿತ ತಾಯಿ, ಪೊರಕೆ ಅಂದ ಕೂಡಲೇ ಕಣ್ಣೀರು ಅಂತ ಅವರ ಕೈ ತಾನಾಗೇ ಟೈಪ್ ಮಾಡಿರಬೇಕು.

ಇಷ್ಟು ಬರೆದು ರಾತ್ರಿ ಪೋಸ್ಟ್ ಮಾಡೋಣ ಅಂತಿದ್ದೆ. ಆಗ ಒಂದು ಹಳೇ ವಿಷಯ ನೆನಪಾಗಿ ಫೋನ್ ಕೆಳಗಿಟ್ಟೆ. ಅದನ್ನೂ ಹೇಳದೆ ಹೋದ್ರೆ ಮೇಲೆ ಬರೆದದ್ದೆಲ್ಲಾ ಪೊಳ್ಳು.

ಎಂಟು ಒಂಬತ್ತು ವರ್ಷದ ಹಿಂದೆ ನಮ್ಮ ತಾಲೂಕಿನಲ್ಲಿ ಏಪ್ರಿಲ್ 14ಕ್ಕೆ ಒಂದು ಸ್ಮರಣ ಸಂಚಿಕೆ ತಂದಿದ್ವಿ. ಸಂಪಾದಕ ನಾನೇ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎರಡು ಪುಟ ಬರೆದು ಕೊಟ್ಟಿದ್ದಳು. ಸರ್ಕಾರ ಶಾಲೇಲಿ ಕೊಟ್ಟ ಸೈಕಲ್ ಬಗ್ಗೆ. ಚೈನ್ ಕಳಚ್ಕೊಳ್ಳೋದು, ಬ್ರೇಕ್ ಹಿಡಿಯದೆ ಇಳಿಜಾರಲ್ಲಿ ಚಪ್ಪಲಿ ಒತ್ತಿ ನಿಲ್ಲಿಸೋದು, ತಮ್ಮನ್ನ ಹಿಂದೆ ಕೂರಿಸಿಕೊಂಡು ಕೆರೆ ಏರಿ ಮೇಲೆ ಹೋಗಿದ್ದು. ನಗು ಬರೋ ಬರಹ. ಅವಳು ಇಟ್ಟ ಹೆಸರು ‘ನನ್ನ ಸೈಕಲ್‌ಗೆ ಬ್ರೇಕ್ ಇಲ್ಲ’. ನಾನು ಏನು ಮಾಡಿದೆ ಗೊತ್ತಾ? ‘ಶೋಷಿತ ಬಾಲೆಯ ಸ್ವಾಭಿಮಾನದ ಪಯಣ’ ಅಂತ ಬದಲಿಸಿದೆ. ಅವಳನ್ನ ಕೇಳಲಿಲ್ಲ. ಕೇಳಬೇಕು ಅಂತ ತಲೆಗೇ ಬರಲಿಲ್ಲ. ಒಳಗೆ ಒಂದಕ್ಷರ ಮುಟ್ಟಿರಲಿಲ್ಲ ನಾನೂ. ಸಂಚಿಕೆ ಬಿಡುಗಡೆ ದಿನ ಅವಳು ಪುಟ ತಿರುವಿ ನೋಡಿ, ಮಡಚಿ, ಬ್ಯಾಗಿಗೆ ಹಾಕಿಕೊಂಡಳು. ಆಮೇಲೆ ಒಂದು ವರ್ಷವೂ ಬರೆದು ಕೊಡಲಿಲ್ಲ. ಪರೀಕ್ಷೆ ಇರಬೇಕು, ಓದೋದು ಜಾಸ್ತಿ ಇರಬೇಕು ಅಂತ ನಾನೇ ಅಂದುಕೊಂಡಿದ್ದೆ.

ಅವಳ ನಂಬರ್ ಹುಡುಕಿ ನಿನ್ನೆ ಫೋನ್ ಮಾಡಿದೆ. ಈಗ ನರ್ಸಿಂಗ್ ಮುಗಿಸಿ ಕೆಲಸದಲ್ಲಿದ್ದಾಳೆ. ವಿಷಯ ಹೇಳಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ನೆನಪೈತಣ್ಣ. ಕ್ಲಾಸಲ್ಲಿ ಹುಡುಗ್ರು ಒಂದ್ ವರ್ಷ ನನ್ನ ಶೋಷಿತ ಬಾಲೆ, ಶೋಷಿತ ಬಾಲೆ ಅಂತ ರೇಗಿಸ್ತಿದ್ರು’ ಅಂದಳು. ಆಮೇಲೆ, ‘ನಾನ್ ಬರೆದಿದ್ದು ಸೈಕಲ್ ಬಗ್ಗೆ ಅಣ್ಣ’ ಅಂದಳು.

ವೆಬ್‌ಸೈಟ್‌ನವರು ಮೂರನೇ ದಿನ ಹೆಡ್ಡಿಂಗ್ ಬದಲಿಸಿದ್ದಾರೆ, ಅದನ್ನೂ ಹೇಳಬೇಕು. ಈಗ ಅಲ್ಲಿ ‘ನಮ್ಮವ್ವನ ಸಹಿ’ ಅಂತಲೇ ಇದೆ. ಆದ್ರೆ ಲಿಂಕ್ ಒಳಗೆ ಹಳೇ ಪದಗಳೇ ಉಳ್ಕೊಂಡಿವೆ, ವಾಟ್ಸಾಪಿನಲ್ಲಿ ಓಡಾಡ್ತಿರೋ ಚಿತ್ರವನ್ನ ಯಾರೂ ವಾಪಸ್ ತರೋಕಾಗಲ್ಲ. ರೇಷನ್ ಅಂಗಡಿ ಮುಂದೆ ಆಡಿದ ಮಾತನ್ನೂ ಅಷ್ಟೇ. ಅವ್ವ ಆವತ್ತು ಮೇಸ್ತ್ರಿಗೆ ಏನು ಉತ್ತರ ಕೊಟ್ಟಳು ಅಂತ ಕೇಳಿದೆ. ‘ನಿನ್ ಪುಸ್ತಕ ಇನ್ನೂ ಇದ್ರೆ ತಗಂಬಾ, ಯಾರ್ ಅತ್ರು ಅಂತ ಓದಿ ಹೇಳ್ತೀನಿ ಅಂದೆ’ ಅಂದಳು. ಅವನು ಕೋಲೂರಿಕೊಂಡು ಹೋದನಂತೆ.

ಇಡೀ ಲೇಖನವನ್ನ ನಾಳೆ ಬೆಳಗ್ಗೆ ಇಲ್ಲೇ ಹಾಕ್ತೀನಿ, ಅದರ ಹೆಸರಲ್ಲೇ. ಆ ಹುಡುಗಿ ತನ್ನ ಎರಡು ಪುಟದ ಫೋಟೋ ಹುಡುಕಿ ಕಳಿಸ್ತೀನಿ ಅಂದಿದ್ದಾಳೆ. ಅವಳು ಒಪ್ಪಿದ್ರೆ ಅದನ್ನೂ ಹಾಕ್ತೀನಿ, ‘ನನ್ನ ಸೈಕಲ್‌ಗೆ ಬ್ರೇಕ್ ಇಲ್ಲ’ ಅಂತ. ಹಂಚೋರು ದಯವಿಟ್ಟು ಮೇಲೆ ನಿಮ್ಮ ಕಡೆಯಿಂದ ಏನೂ ಸೇರಿಸಬೇಡಿ.

ಜೈಭೀಮ್.