ಬೆಂಕಿಯಿಂದೆದ್ದ ಬಂದರು: ರಾಟರ್‌ಡ್ಯಾಂ

ಹಾಲೆಂಡ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗಾಳಿಗಿರಣಿ, ಟ್ಯೂಲಿಪ್ ಹೂವಿನ ತೋಟ, ಕಾಲುವೆಯ ದಡದಲ್ಲಿ ಸಾಲುಗಟ್ಟಿದ ಹಳೆಯ ಮನೆಗಳು. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ರಾಟರ್‌ಡ್ಯಾಂ ನಗರದ ರೈಲು ನಿಲ್ದಾಣದಿಂದ ಹೊರಗೆ ಬಂದವರು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಎಲ್ಲಿ ನೋಡಿದರೂ ಗಾಜು, ಉಕ್ಕು, ಕಾಂಕ್ರೀಟುಗಳ ಎತ್ತರದ ಕಟ್ಟಡಗಳು, ಅಗಲವಾದ ಬೀದಿಗಳು, ಸದ್ದಿಲ್ಲದೆ ಸರಿಯುವ ಟ್ರಾಮುಗಳು. ಹಳೆಯ ಊರು ಎಲ್ಲಿ ಹೋಯಿತು? ಈ ಪ್ರಶ್ನೆಯ ಉತ್ತರವನ್ನು ತಿಳಿದುಕೊಂಡು ಹೋದವರಿಗೆ ಮಾತ್ರ ಈ ನಗರ ಅರ್ಥವಾದೀತು.

ಬೆಂಕಿಯ ಗೆರೆ

1940ರ ಮೇ 14ರ ಮಧ್ಯಾಹ್ನ ಜರ್ಮನಿಯ ವಿಮಾನಗಳು ಇಲ್ಲಿ ಬಾಂಬು ಸುರಿದವು. ದಾಳಿ ನಡೆದದ್ದು ಸುಮಾರು ಕಾಲು ಗಂಟೆ; ಆದರೆ ಅದರಿಂದೆದ್ದ ಬೆಂಕಿ ಊರಿನ ನಡುಭಾಗವನ್ನೇ ನುಂಗಿಬಿಟ್ಟಿತು. ನೂರಾರು ಮಂದಿ ಸತ್ತರು; ಸುಮಾರು 80,000 ಜನ ಮನೆ ಕಳೆದುಕೊಂಡರು. ಸುಟ್ಟ ಊರನ್ನು ಇದ್ದಂತೆಯೇ ಮತ್ತೆ ಕಟ್ಟುವ ಬದಲು ಹೊಸ ಊರನ್ನೇ ಕಟ್ಟುವ ಯೋಜನೆಗೆ 1946ರಲ್ಲಿ ಒಪ್ಪಿಗೆ ದೊರೆಯಿತು. ದುರಸ್ತಿ ಮಾಡಬಹುದಾಗಿದ್ದ ಕಟ್ಟಡಗಳನ್ನೂ ಕೆಡವಿದರೆಂಬ ಕೊರಗು ಮಾತ್ರ ಉಳಿದೇ ಇದೆ. ಅಂದು ಬೆಂಕಿ ಎಲ್ಲಿಯವರೆಗೆ ಹಬ್ಬಿತ್ತೆಂಬುದನ್ನು ಕಾಲುದಾರಿಯ ನೆಲದಲ್ಲಿ ಹುದುಗಿಸಿದ ದೀಪಗಳು ಇಂದಿಗೂ ತೋರಿಸುತ್ತವೆ.

ಒಂದು ದಿನದ ಸುತ್ತಾಟ

ನಿಲ್ದಾಣದಿಂದ ನಡೆದೇ ಹೊರಡಬಹುದು. ಮೊದಲು ಸಿಗುವುದು ಲೈನ್‌ಬಾನ್. ಹಗ್ಗ ಹೊಸೆಯುವ ಹಾದಿ ಎಂದು ಈ ಹೆಸರಿನ ಅರ್ಥ. ವಾಹನಗಳ ಕಾಟವಿಲ್ಲದೆ ಜನ ನಡೆದಾಡಲೆಂದೇ ರೂಪಿಸಿದ ಈ ಅಂಗಡಿ ಬೀದಿ 1953ರಲ್ಲಿ ತೆರೆಯಿತು. ಅಲ್ಲಿಂದ ಪೂರ್ವಕ್ಕೆ ನಡೆದರೆ ಬೆಂಕಿಯಲ್ಲಿ ಬೆಂದು ಮತ್ತೆ ಜೀರ್ಣೋದ್ಧಾರಗೊಂಡ ಸಂತ ಲಾರೆನ್ಸರ ಚರ್ಚು. ಅದರ ಸಮೀಪದಲ್ಲೇ 2014ರ ಮಾರುಕಟ್ಟೆ ಭವನ: ಕುದುರೆಲಾಳದಂತೆ ಬಾಗಿದ ಕಮಾನಿನಲ್ಲಿ ಇನ್ನೂರಕ್ಕೂ ಹೆಚ್ಚು ಮನೆಗಳು, ಅದರ ಕೆಳಗೆ ಸಂತೆ. ಹೊರಗಿನ ಬಯಲಲ್ಲಿ ಮಂಗಳವಾರ ಮತ್ತು ಶನಿವಾರ ತೆರೆದ ಸಂತೆ ನೆರೆಯುತ್ತದೆ; ತರಕಾರಿಗೆ ಅದೇ ಅಗ್ಗ. ಎದುರಿಗೇ ಕಂಬಗಳ ಮೇಲೆ ಓರೆಯಾಗಿ ನಿಂತ ಹಳದಿಯ ಘನಾಕೃತಿಯ ಮನೆಗಳು. ಅವುಗಳಲ್ಲೊಂದನ್ನು ಪ್ರವೇಶಧನ ತೆತ್ತು ಒಳಹೊಕ್ಕು ನೋಡಬಹುದು.

ದಕ್ಷಿಣಕ್ಕೆ ತಿರುಗಿ ಹಳೆಯ ಬಂದರುಕಟ್ಟೆಯ ಬಳಿಗೆ ಬಂದರೆ ಶಿಲ್ಪಿ ಝಾಡ್ಕಿನ್ ರಚಿಸಿದ, 1953ರಲ್ಲಿ ಸ್ಥಾಪಿತವಾದ ಕಂಚಿನ ವಿಗ್ರಹ ಕಾಣುತ್ತದೆ. ಆಕಾಶದತ್ತ ಚಾಚಿದ ಕೈಗಳು. ಒಡಲಿರಬೇಕಾದಲ್ಲಿ ಬರಿಯ ಟೊಳ್ಳು. ಹೃದಯವನ್ನು ಕಳೆದುಕೊಂಡ ಊರಿನ ಚಿತ್ರವಿದು. ಅಲ್ಲಿಂದ ಮುಂದೆ ನದಿ, ಅದರ ಮೇಲೆ ಸುಮಾರು 800 ಮೀಟರ್ ಉದ್ದದ ಎರಾಸ್ಮಸ್ ಸೇತುವೆ. 1996ರಲ್ಲಿ ತೆರೆದ ಈ ಬಿಳಿಯ ಸೇತುವೆಯನ್ನು ಊರಿನವರು ಹಂಸವೆಂದು ಕರೆಯುತ್ತಾರೆ. ಗಾಳಿಗಿರಣಿಗಳ ಆಸೆ ಬಿಡದವರು ಮರುದಿನ ದೋಣಿಯಲ್ಲಿ ಕಿಂಡರ್‌ಡೈಕಿಗೆ ಹೋಗಿ 19 ಗಿರಣಿಗಳನ್ನು ಒಟ್ಟಿಗೇ ನೋಡಬಹುದು.

ಮೆಟ್ರೊ, ಟ್ರಾಮುಗಳಲ್ಲಿ ಹತ್ತುವಾಗಲೂ ಇಳಿಯುವಾಗಲೂ ಬ್ಯಾಂಕಿನ ಕಾರ್ಡನ್ನು ಯಂತ್ರಕ್ಕೆ ತಾಗಿಸಬೇಕು; ಇಳಿಯುವಾಗ ಮರೆತರೆ ಹೆಚ್ಚು ಹಣ ತೆರಬೇಕಾದೀತು. ಕೆಂಪು ಬಣ್ಣದ ಹಾದಿ ಸೈಕಲ್ಲುಗಳದು. ಅಲ್ಲಿ ನಿಂತು ಹರಟುವುದು ಅಪಾಯ. ಸಮುದ್ರದ ಗಾಳಿಗೆ ಕೊಡೆ ನಿಲ್ಲದು, ಮಳೆಯಂಗಿಯೇ ಲೇಸು.

ನೆಲೆಸುವವರಿಗೆ

ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ಇರಲು ಬಂದವರು ಐದು ದಿನಗಳೊಳಗೆ ನಗರಸಭೆಯಲ್ಲಿ ಹೆಸರು ನೋಂದಾಯಿಸಬೇಕು. ಅಲ್ಲಿ ಸಿಗುವ ನಾಗರಿಕ ಸಂಖ್ಯೆ ಸಂಬಳಕ್ಕೂ ವಿಮೆಗೂ ಬೇಕು. ಆದುದರಿಂದ ಬಾಡಿಗೆಯ ಮನೆ ಒಪ್ಪುವ ಮುನ್ನ, ಆ ವಿಳಾಸದಲ್ಲಿ ನೋಂದಣಿಗೆ ಅವಕಾಶವಿದೆಯೇ ಎಂದು ಕೇಳಿಕೊಳ್ಳುವುದು ಅಗತ್ಯ. ಇಲ್ಲವೆಂದರೆ ಬಾಡಿಗೆ ಎಷ್ಟು ಕಡಿಮೆಯಾದರೂ ಆ ಮನೆ ಬೇಡ. ಆರೋಗ್ಯ ವಿಮೆಯನ್ನು ನಾಲ್ಕು ತಿಂಗಳೊಳಗೆ ಮಾಡಿಸುವುದು ಕಡ್ಡಾಯ. ಜಡ್ಡಾದರೆ ನೇರವಾಗಿ ತಜ್ಞ ವೈದ್ಯರನ್ನು ಕಾಣುವಂತಿಲ್ಲ. ಮೊದಲು ಕುಟುಂಬ ವೈದ್ಯರ ಬಳಿಗೇ ಹೋಗಬೇಕು. ಪ್ರಾಣಾಪಾಯದ ಸಂದರ್ಭಕ್ಕೆ 112 ದೂರವಾಣಿ ಸಂಖ್ಯೆ.

ನಮ್ಮಂತೆ "ಈ ಕಡೆ ಬಂದಿದ್ದೆವು, ನೋಡಿ ಹೋಗೋಣವೆಂದು ಬಂದೆವು" ಎನ್ನುವ ವಾಡಿಕೆ ಅಲ್ಲಿಲ್ಲ. ಮೊದಲೇ ಹೇಳಿ, ಗೊತ್ತುಮಾಡಿದ ಹೊತ್ತಿಗೆ ಹೋಗಬೇಕು. ಹುಟ್ಟುಹಬ್ಬಕ್ಕೆ ಕರೆ ಬಂದರೆ ಮನೆಯವರೆಲ್ಲರ ಕೈಕುಲುಕಿ ಶುಭ ಕೋರುವುದು ಪದ್ಧತಿ.

ಸಸ್ಯಾಹಾರಿಗಳು ಹೆದರಬೇಕಿಲ್ಲ. ದಕ್ಷಿಣ ಅಮೆರಿಕದ ಸುರಿನಾಮ್ 1975ರವರೆಗೆ ಡಚ್ಚರ ಅಧೀನದಲ್ಲಿತ್ತು. 1873ರಿಂದ ಅಲ್ಲಿಗೆ ಕರಾರಿನ ಕೂಲಿಗಳಾಗಿ ಹೋದ ಭಾರತೀಯರ ವಂಶಜರು ಅನೇಕರು ಹಾಲೆಂಡಿಗೆ ಬಂದು ನೆಲೆಸಿದ್ದಾರೆ. ಅವರ ಅಂಗಡಿಗಳಲ್ಲಿ ಆಲೂಗಡ್ಡೆ, ಅಲಸಂದೆ ಕಾಯಿಯ ಪಲ್ಯದೊಡನೆ ಬಿಸಿ ರೊಟ್ಟಿ ಸಿಗುತ್ತದೆ.

ಊರು ಬಿಡುವ ಮುನ್ನ ಒಂದು ಸಂಜೆ ಆ ಬೆಂಕಿಯ ಗೆರೆಯ ಬಳಿ ನಿಲ್ಲಿರಿ. ತರಕಾರಿಯ ಚೀಲ ಹಿಡಿದವರು, ಮಕ್ಕಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡ ತಾಯಂದಿರು ಆ ದೀಪಗಳನ್ನು ದಾಟಿ ಮನೆಗೆ ಹೋಗುತ್ತಿರುತ್ತಾರೆ. ಹಳೆಯ ಊರು ಎಲ್ಲಿ ಹೋಯಿತೆಂದು ಆಗ ನೀವು ಕೇಳಲಾರಿರಿ.