ಗಾಜಿನ ತೊಟ್ಟಿಯ ಪಂಚಾಯಿತಿ

ತುಂಬಾ ದಿನವಾಯ್ತು ಇಲ್ಲಿ ಬರೆದು. ಪರೀಕ್ಷೆ, ದಾಖಲಾತಿ, ಜಾತಿ ಪ್ರಮಾಣಪತ್ರ ಅಂತ ಓಡಾಟದಲ್ಲೇ ಸಮಯ ಹೋಯಿತು. ಈ ಸಲ ಪಾಠದ ವಿಷಯ ಅಲ್ಲ, ಮೀನಿನ ವಿಷಯ. ಓದಿ ನಗಬೇಡಿ, ನಾವು ನಿಜಕ್ಕೂ ತಪ್ಪು ಮಾಡಿದ ಕತೆ ಇದು.

2023ರ ಜೂನ್‌ನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೆ ಒಂದು ಗಾಜಿನ ತೊಟ್ಟಿ ಕೊಟ್ಟ. 60 ಸೆಂಟಿಮೀಟರ್ ಉದ್ದ, ಅಗಲ ಮತ್ತು ಎತ್ತರ 30. ಐದನೇ ತರಗತಿಯವರು ಗುಣಿಸಿ 54 ಲೀಟರ್ ಅಂತ ಉತ್ತರ ತಂದರು. ಘನಫಲದ ಪಾಠ ಅಷ್ಟು ಬೇಗ ಯಾವತ್ತೂ ಮುಗಿದಿರಲಿಲ್ಲ! ತೊಟ್ಟಿಯೇನೋ ಬಂತು, ಮೀನು? ಘಟ್ಟದ ಮೇಲಿನ ನಮ್ಮೂರಲ್ಲಿ ಸಿಗುವುದು ಸಾರಿನ ಮೀನು ಮಾತ್ರ. ಬಣ್ಣದ ಮೀನಿಗೆ ದಿಂಬಂನ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಿ ಕೊಯಮತ್ತೂರಿಗೇ ಹೋಗಬೇಕು. (ನಮ್ಮ ತಾಳವಾಡಿ ಸೀಮೆಯೂ 1979ರವರೆಗೆ ಕೊಯಮತ್ತೂರು ಜಿಲ್ಲೆಯೇ. ಕೊಳ್ಳೇಗಾಲವೂ 1956ರವರೆಗೆ ಅದೇ ಜಿಲ್ಲೆಯಲ್ಲಿತ್ತು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ.)

ಅಂಗಡಿಯಲ್ಲಿ ನಮಗೆ ಕಂಡದ್ದನ್ನೆಲ್ಲ ಕೊಳ್ಳುವ ಆಸೆ. ಆರು ಗಪ್ಪಿ, ಎರಡು ಗೋಲ್ಡ್ ಫಿಶ್, ನೀಲಿ ಬಣ್ಣದ ಒಂದು ಗಂಡು ಫೈಟರ್. "ಒಂದೇ ತೊಟ್ಟಿಯಲ್ಲಿ ಬಿಡಬಹುದಾ?" ಅಂತ ಕೇಳಿದೆವು. "ಎಲ್ಲಾ ಅಡ್ಜಸ್ಟ್ ಆಗುತ್ತೆ ಸಾರ್" ಅಂದರು. ಮಾರುವವರು ಹಾಗಲ್ಲದೆ ಇನ್ನೇನು ಹೇಳುತ್ತಾರೆ ಹೇಳಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆವು. ಬಸ್ಸಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

ಮೀನು ಬಿಡುವಾಗ ಒಬ್ಬ ಹುಡುಗ ಹತ್ತಿರ ಬಂದು ಕೇಳಿದ, "ಸಾರ್, ಫೈಟರ್ ಗಪ್ಪಿ ಬಾಲ ಕಚ್ಚಲ್ವಾ?" ಆ ವರ್ಷವೇ ತಿರುಪ್ಪೂರಿನಿಂದ ಬಂದ ಹುಡುಗ ಅವನು. ಅಪ್ಪ ಅಮ್ಮ ಬನಿಯನ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಮೂರು ವರ್ಷ ತಮಿಳು ಮಾಧ್ಯಮದಲ್ಲಿ ಓದಿ, ಕನ್ನಡ ಅಕ್ಷರ ಅರ್ಧ ಮರೆತು ಬಂದಿದ್ದ. ಅವನ ಓದು ಹಿಂದೆ ಅಂತ ನಾವು ಅವನ ಮಾತನ್ನೂ ಹಿಂದಕ್ಕೇ ತಳ್ಳಿದೆವು. "ಸುಮ್ಮನೆ ಕೂತ್ಕೋ" ಅಂದೆವು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಮೂರನೇ ದಿನಕ್ಕೆ ಎರಡು ಗಂಡು ಗಪ್ಪಿಗಳ ಬಾಲ ಹರಿದ ಲಂಗದ ಅಂಚಿನ ಹಾಗೆ ಆಗಿತ್ತು. ಆಮೇಲೆ ಓದಿ ತಿಳಿದುಕೊಂಡೆವು... ಫೈಟರ್ ಥಾಯ್‌ಲ್ಯಾಂಡ್ ಕಡೆಯ ಮೀನು. ಗಂಡು ತನ್ನ ಜಾಗಕ್ಕೆ ಇನ್ನೊಂದು ಗಂಡನ್ನು ಬಿಡುವುದಿಲ್ಲ. ಬೇರೆ ಜಾತಿಯ ಮೀನನ್ನು ಎಷ್ಟೋ ಸಲ ಬಿಟ್ಟೂ ಬಿಡುತ್ತದೆ, ಆದರೆ ಗಪ್ಪಿಯ ಉದ್ದ ಬಾಲ, ಮಿನುಗುವ ಬಣ್ಣ ನೋಡಿ ಇದೂ ಒಂದು ಫೈಟರ್ ಅಂದುಕೊಳ್ಳುತ್ತದೆ. ದೂರದ ನೆಂಟನಿಗಿಂತ ತನ್ನ ಹಾಗೇ ಕಾಣುವ ದಾಯಾದಿಯೇ ಅದಕ್ಕೆ ಶತ್ರು!

ಫೈಟರನ್ನು ತೆಗೆದು ದೊಡ್ಡ ಗಾಜಿನ ಜಾಡಿಗೆ ಹಾಕಿದೆವು. ಅಷ್ಟರಲ್ಲಿ ಒಂದು ಗೋಲ್ಡ್ ಫಿಶ್ ಸತ್ತಿತ್ತು. ಮಕ್ಕಳು ಜಾಡಿಗೆ ಚೀಟಿ ಅಂಟಿಸಿದರು, "ಕೊಲೆಗಾರ". ನಾವೂ ನಕ್ಕು ಸುಮ್ಮನಾದೆವು. ಆದರೆ ಎರಡು ದಿನ ಬಿಟ್ಟು ಇನ್ನೊಂದು ಗೋಲ್ಡ್ ಫಿಶ್ ಹೋಯಿತು, ಅದರ ಹಿಂದೆಯೇ ಎರಡು ಹೆಣ್ಣು ಗಪ್ಪಿ. ಮೈಮೇಲೆ ಒಂದು ಗಾಯವಿಲ್ಲ, ಬಾಲ ಸರಿಯಾಗೇ ಇದೆ. ಕೊಲೆಗಾರ ಅಂದವನು ಜಾಡಿಯಲ್ಲಿ ಒಬ್ಬನೇ ಇದ್ದಾನೆ. ಹಾಗಾದರೆ ಕೊಂದವರು ಯಾರು?

ನಾವೇ. ಮೀನಿನ ಹೊಲಸಿನಿಂದ ನೀರಿನಲ್ಲಿ ಅಮೋನಿಯಾ ಆಗುತ್ತದೆ, ಅದು ವಿಷ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ತೊಂದರೆ ಕೊಡದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಕಲ್ಲು, ಮರಳು, ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಾವು ಫಳಫಳ ತೊಳೆದ ತೊಟ್ಟಿಗೆ ಮೊದಲನೇ ದಿನವೇ ಒಂಬತ್ತು ಮೀನು ಬಿಟ್ಟಿದ್ದೆವು. ಅದರಲ್ಲೂ ಗೋಲ್ಡ್ ಫಿಶ್ ಹೊಟ್ಟೆಬಾಕ, ಗಲೀಜು ಮಾಡುವುದರಲ್ಲಿ ಮುಂದು. ಬೆಳೆದರೆ ಗೇಣುದ್ದ ಆಗುತ್ತದೆ, ಆಗ ಬಾಯಿಗೆ ಹಿಡಿಸುವ ಗಪ್ಪಿಯನ್ನು ನುಂಗಿಯೂಬಿಡುತ್ತದೆ. ಅದಕ್ಕೆ 20 ಡಿಗ್ರಿ ಸುತ್ತಮುತ್ತಲ ತಂಪು ನೀರು ಹಿತ. ಗಪ್ಪಿ, ಫೈಟರ್‌ಗಳಿಗೆ 25 ಡಿಗ್ರಿಯ ಬೆಚ್ಚಗಿನ ನೀರು. ಜಗಳ ಆಡದೆಯೂ ಇವು ಒಂದು ತೊಟ್ಟಿಯಲ್ಲಿ ಬಾಳುವ ಜೋಡಿಯಲ್ಲ.

ನಾವು ಮೀನಿನ ಗುಣ ನೋಡಿದೆವು, ನೀರಿನ ಗುಣ ನೋಡಲಿಲ್ಲ. ಆ ಹುಡುಗನಿಗೆ ಇದನ್ನು ಹೇಳಿದಾಗ ಅವನು, "ಒರತ್ತುಪಾಳ್ಯದಲ್ಲೂ ಹಂಗೇ ಸಾರ್, ಮೀನು ಮೀನು ಕಚ್ಕೊಂಡು ಸಾಯ್ಲಿಲ್ಲ" ಅಂದ. ನಾವು ಸುಮ್ಮನಾಗಿಬಿಟ್ಟೆವು. ನೊಯ್ಯಲ್ ಹೊಳೆಗೆ 1992ರಲ್ಲಿ ಬೇಸಾಯಕ್ಕೆಂದು ಕಟ್ಟಿದ ಆ ಅಣೆಕಟ್ಟೆಯಲ್ಲಿ ತಿರುಪ್ಪೂರಿನ ಬಣ್ಣದ ನೀರು ಬಂದು ನಿಂತದ್ದು, 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಡೈಯಿಂಗ್ ಘಟಕಗಳನ್ನು ಮುಚ್ಚಿ ಅಂದದ್ದು, ಇವೆಲ್ಲ ಅವನು ಹುಟ್ಟುವ ಮೊದಲಿನ ಸಂಗತಿ. ಮನೆಯಲ್ಲಿ ದೊಡ್ಡವರು ಮಾತಾಡಿದ್ದು ಅವನ ಕಿವಿಗೆ ಬಿದ್ದಿರಬೇಕು. ಜಾಡಿಯ ಚೀಟಿಯನ್ನು ಅವನ ಕೈಯಲ್ಲೇ ಕೀಳಿಸಿದೆವು.

ಆ ವರ್ಷದ ತ್ರೈಮಾಸಿಕ ಪರೀಕ್ಷೆಯ ರಜೆಯಲ್ಲಿ ಬಂಧುಗಳ ಮನೆಗೆಂದು ಉಡುಮಲೆಪೇಟೆಗೆ ಹೋಗಿದ್ದೆವು. ಅಲ್ಲಿಂದ ಅಮರಾವತಿ ಅಣೆಕಟ್ಟೆ ಹತ್ತಿರ. ಮೊಸಳೆ ನೋಡಿ, ಬಿಸಿ ಬಿಸಿ ಜಿಲೇಬಿ ಮೀನಿನ ಫ್ರೈ ತಿಂದೆವು. ಜಿಲೇಬಿ ಅಂದರೆ ನಮ್ಮ ತಿಲಾಪಿಯಾ. ಆಫ್ರಿಕಾ ಮೂಲದ ಈ ಮೀನು ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಬೇಗ ಬೆಳೆಯುತ್ತದೆ, ಬಡವರಿಗೆ ಊಟ ಆಗುತ್ತದೆ ಅನ್ನುವ ಒಳ್ಳೆಯ ಉದ್ದೇಶದಿಂದಲೇ ತಂದರು. 1957ರಲ್ಲಿ ಕಟ್ಟಿದ ಅಮರಾವತಿ ಜಲಾಶಯಕ್ಕೂ ಬಿಟ್ಟರು. ತಾಯಿ ಮೀನು ಮೊಟ್ಟೆಗಳನ್ನು ಬಾಯೊಳಗೇ ಇಟ್ಟುಕೊಂಡು ಮರಿ ಮಾಡುತ್ತದೆ, ಹಾಗಾಗಿ ಅದರ ಸಂತಾನ ಉಳಿಯುವುದೂ ಹೆಚ್ಚು. ಕೊನೆಗೆ ಆ ಜಲಾಶಯದಲ್ಲಿ ಬಲೆಗೆ ಬೀಳುವುದರಲ್ಲಿ ಅದೇ ಮೇಲುಗೈ ಆಯಿತು. ಬೆಸ್ತರಿಗೆ ಅದರಿಂದ ಅನ್ನ ಸಿಕ್ಕಿದೆ, ಇಲ್ಲ ಅನ್ನುವುದಿಲ್ಲ. ಆದರೆ ಒಮ್ಮೆ ಬಿಟ್ಟ ಮೀನನ್ನು ಕೆರೆಯಿಂದ ಜಾಡಿಗೆ ಎತ್ತಿ ಹಾಕುವ ಹಾಗಿಲ್ಲ.

ಕೊಯಮತ್ತೂರು ಜಿಲ್ಲೆಯ ಆಳಿಯಾರು ಜಲಾಶಯಕ್ಕೆ ಕಾಟ್ಲಾ, ರೋಹು, ಮೃಗಾಲ ಮರಿಗಳನ್ನು ಬಿಡುತ್ತಾರೆ. ಇವು ಮೂರೂ ಹೊಂದಿಕೊಳ್ಳುವುದು ಸ್ವಭಾವ ಸಾಧು ಅಂತಲ್ಲ. ಕಾಟ್ಲಾ ಮೇಲ್ಗಡೆ ತಿನ್ನುತ್ತದೆ, ರೋಹು ನಡುವೆ, ಮೃಗಾಲ ತಳದಲ್ಲಿ. ಊಟದ ಎಲೆಯೇ ಬೇರೆ ಬೇರೆ, ಮತ್ತೆ ಜಗಳ ಯಾಕೆ? ನಾವು ಅಂಗಡಿಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಇದೇ ಆಗಿತ್ತು. ಯಾವುದು ಎಲ್ಲಿ ಇರುತ್ತೆ, ಏನು ತಿನ್ನುತ್ತೆ, ಎಷ್ಟು ದೊಡ್ಡದಾಗುತ್ತೆ, ಯಾವ ನೀರು ಬೇಕು ಅಂತ. ನಾವು ಕೇಳಿದ್ದು "ಬಿಡಬಹುದಾ?" ಅಂತ ಅಷ್ಟೇ.

ರಜೆ ಮುಗಿಸಿ ಬಂದಾಗ ಗಪ್ಪಿಗಳು ಮರಿ ಹಾಕಿದ್ದವು. ಒಂದೆರಡು ತಿಂಗಳಲ್ಲಿ ಐವತ್ತರ ಹತ್ತಿರ! ತೊಟ್ಟಿ ಸಾಲದು, ಊರ ಕೆರೆಗೆ ಬಿಡೋಣ ಅಂತ ಆರನೇ ತರಗತಿಯವರು ಅರ್ಜಿಯನ್ನೇ ಬರೆದರು. "ಸೊಳ್ಳೆ ಮರಿ ತಿನ್ನುತ್ತೆ ಸಾರ್" ಅನ್ನುವ ಕಾರಣ ಬೇರೆ. ಅದು ನಿಜ, ಸೊಳ್ಳೆ ನಿಯಂತ್ರಣಕ್ಕೆ ಗಪ್ಪಿ ಬಳಸುವುದುಂಟು. ಆದರೂ ನಾವು ಬೇಡ ಅಂದೆವು. ಕೆರೆಯಲ್ಲಿ ಮೊದಲೇ ಇರುವ ಸಣ್ಣ ಮೀನುಗಳನ್ನು ಯಾರು ಕೇಳುತ್ತಾರೆ? ಅಮರಾವತಿಯ ಕತೆ ಹೇಳಿದೆವು. ಎಲ್ಲರೂ ಒಪ್ಪಿದರು ಅನ್ನಲಾರೆವು, ಇಬ್ಬರು ಹುಡುಗಿಯರು ಮುಖ ಊದಿಸಿಕೊಂಡರು. ಕೊನೆಗೆ ಗಂಡು ಹೆಣ್ಣು ಬೇರೆ ಮಾಡಿ, ಹೆಚ್ಚಾದವನ್ನು ಮನೆಯಲ್ಲಿ ಸಿಮೆಂಟ್ ತೊಟ್ಟಿ ಇರುವ ಮಕ್ಕಳಿಗೆ ಹಂಚಿದೆವು. ತೊಟ್ಟಿಯ ನೀರು ಚರಂಡಿ ಮೂಲಕ ಹಳ್ಳಕ್ಕೆ ಸೇರಬಾರದು ಅನ್ನುವ ಷರತ್ತಿನ ಮೇಲೆ.

ನಮ್ಮ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಕೇಳಿ, "ಕನ್ನಡ ತಮಿಳು ಒಂದೇ ತೊಟ್ಟಿಯಲ್ಲಿ ಇರೋದರ ಬಗ್ಗೆ ಒಂದು ಲೇಖನ ಬರೀರಿ ಸಾರ್" ಅಂದರು. ಮಕ್ಕಳು ಮೀನಲ್ಲ ಅಂತ ಹೇಳಿ ತಪ್ಪಿಸಿಕೊಂಡೆವು.

ತಿರುಪ್ಪೂರಿನ ಹುಡುಗ ಈಗ ತೊಟ್ಟಿಯ ಲೀಡರ್. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಹಿಂದಿನ ದಿನವೇ ಬಕೆಟ್‌ನಲ್ಲಿ ತೆರೆದಿಟ್ಟ ನೀರನ್ನು ತುಂಬಿಸುತ್ತಾನೆ. ಯಾವ ದಿನ ಎಷ್ಟು ತೆಗೆದೆ ಅಂತ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯುತ್ತಾನೆ. ಒತ್ತಕ್ಷರ ಇನ್ನೂ ತಪ್ಪುತ್ತದೆ. ಫೈಟರ್ ಹೋದ ತಿಂಗಳು ಸತ್ತಿತು, ವಯಸ್ಸಾಗಿತ್ತು. ಸಾಯುವ ಹಿಂದಿನ ವಾರ ಜಾಡಿಯ ಮೇಲ್ಗಡೆ ನೊರೆಗೂಡು ಕಟ್ಟಿತ್ತು, ಹೆಣ್ಣು ಇಲ್ಲದಿದ್ದರೂ. ಅವನು ಅದನ್ನೂ ಬರೆದಿಟ್ಟಿದ್ದಾನೆ, ತಾರೀಕು ಹಾಕಿ.