ಹಸಿ ವಾಸನೆ ಹೋಗುವ ತನಕ

ಕಳೆದ ವರ್ಷ ಒಂದು ವಿಚಾರ ಸಂಕಿರಣದ ಟೀ ವಿರಾಮದಲ್ಲಿ ಹಿರಿಯರೊಬ್ಬರು, "ಈಗ ಏನು ಓದ್ತಾ ಇದ್ದೀಯಮ್ಮ?" ಎಂದು ಕೇಳಿದರು. ನಾನು ತಡಮಾಡದೆ ಒಬ್ಬ ಫ್ರೆಂಚ್ ಚಿಂತಕನ ಹೆಸರು ಹೇಳಿದೆ. ಅವರು ಮೆಚ್ಚಿಗೆಯಿಂದ ತಲೆದೂಗಿದರು. ಆಗ ನನ್ನ ಹೆಗಲ ಚೀಲದಲ್ಲಿದ್ದದ್ದು ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ'ಯ ಒಂದು ಸಂಪುಟ, ಬೆನ್ನು ಕಿತ್ತುಹೋದ ಒಂದು ಅಡುಗೆ ಪುಸ್ತಕ ಮತ್ತು ಹಳೇ ಪುಸ್ತಕದ ಅಂಗಡಿಯಲ್ಲಿ ನಲವತ್ತು ರೂಪಾಯಿಗೆ ಕೊಂಡ ಯಂಡಮೂರಿಯವರ 'ವಿಜಯಕ್ಕೆ ಐದು ಮೆಟ್ಟಿಲು'. ಸುಳ್ಳು ಹೇಳಿದೆನಲ್ಲ ಎನ್ನುವುದಕ್ಕಿಂತ, ಅಷ್ಟು ಸಲೀಸಾಗಿ ಹೇಳಿದೆನಲ್ಲ ಎನ್ನುವುದು ಆಮೇಲೆ ಕಾಡಿತು.

ನಾನು ಮೈಸೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ವಿಷಯ ನವ್ಯ ಕಾದಂಬರಿಗಳು. ಇದು ಐದನೆಯ ವರ್ಷ. ಮೂರನೆಯ ಅಧ್ಯಾಯದಲ್ಲಿ ಗಾಡಿ ಕೆಟ್ಟು ನಿಂತು ವರ್ಷವಾಯಿತು. ಬರೆಯಲು ಆಗದಿದ್ದುದು ದೊಡ್ಡ ಸಂಗತಿಯಲ್ಲ, ಅದು ಎಲ್ಲ ಸಂಶೋಧಕರಿಗೂ ಬರುವ ಜ್ವರ. ನನಗೆ ಓದಲೇ ಆಗದೆ ಹೋಯಿತು. ಕಾದಂಬರಿ ತೆರೆದರೆ ಕೈ ತಾನಾಗಿ ಪೆನ್ಸಿಲ್ ಹುಡುಕುತ್ತಿತ್ತು. ತಾಯಿಯೊಬ್ಬಳು ಅಳುವ ಪುಟದ ಅಂಚಿನಲ್ಲಿ 'ಅಧ್ಯಾಯ 3ಕ್ಕೆ ಉಪಯೋಗ' ಎಂದು ಬರೆದು ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಒಂದು ರಾತ್ರಿ ಆ ಟಿಪ್ಪಣಿಯನ್ನು ನಾನೇ ಮತ್ತೆ ಓದಿ ಗಾಬರಿಯಾಯಿತು. ಕಾದಂಬರಿ ಓದಿ ಊಟ ಬಿಟ್ಟು ಅತ್ತ ಹುಡುಗಿ ನಾನೇ ಅಲ್ಲವೇ ಎನಿಸಿತು.

ಮೊದಲು ನೆರವಿಗೆ ಬಂದದ್ದು ಮನೆ ಓನರ ಮೊಮ್ಮಗಳು. ಏಳು ವರ್ಷದವಳು. ಅವಳ ಅಮ್ಮ ಕೆಲಸದಿಂದ ಬರುವುದು ತಡ. ಹಾಗಾಗಿ ಸಂಜೆ ನನ್ನ ರೂಮಿಗೆ ಬಂದು, "ಆಂಟಿ, ಕತೆ ಓದಿ" ಎನ್ನುತ್ತಿದ್ದಳು. 'ಅಕ್ಕ' ಅನ್ನು ಎಂದು ಎಷ್ಟು ಸಲ ಹೇಳಿದರೂ ಆಂಟಿಯೇ. 'ದಿನಕ್ಕೊಂದು ಕಥೆ' ಅವರ ಮನೆಯದು. ತಿಂಗಳಿಗೊಂದರಂತೆ ಹನ್ನೆರಡು ಸಂಪುಟಗಳಲ್ಲಿ ಅವರ ಬಳಿ ಏಳು ಉಳಿದಿದ್ದವು. ಹಾಗಾಗಿ ನಮ್ಮ ವರ್ಷಕ್ಕೆ ಏಳೇ ತಿಂಗಳು.

ಒಂದು ದಿನ ಅವಳಿಗೆ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಓದಿದೆ. ಎಂ.ಎ.ಯಲ್ಲಿ ನಾನು ಈ ಪದ್ಯದ ಮೇಲೆ ಒಂದು ಪ್ರಬಂಧವನ್ನೇ ಮಂಡಿಸಿದ್ದೆ. ರಾಬರ್ಟ್ ಬ್ರೌನಿಂಗ್‌ನ ಇಂಗ್ಲಿಷ್ ಕವಿತೆಯೊಂದು ಕನ್ನಡದ ಹಳ್ಳಿಗೆ ಬಂದಾಗ ಏನೇನಾಗುತ್ತದೆ, ಜರ್ಮನಿಯ ಕೊಳಲೂದುವವನು ಜೋಗಿಯಾಗುವುದು ಹೇಗೆ ಎಂದೆಲ್ಲ ಹದಿನಾರು ಪುಟ. ಒಳ್ಳೆಯ ಅಂಕ ಬಂದಿತ್ತು. ಇವಳು ಇಲಿಗಳು ಬರುವಾಗ ಮಂಚ ಹತ್ತಿ ಕುಣಿದಳು. ಮಕ್ಕಳೆಲ್ಲ ಜೋಗಿಯ ಹಿಂದೆ ಹೋಗಿ, ಕುಂಟ ಹುಡುಗನೊಬ್ಬನೇ ಹಿಂದೆ ಉಳಿದಾಗ ಮಾತ್ರ ಸುಮ್ಮನಾದಳು. ಆಮೇಲೆ ಕೇಳಿದಳು: "ಅವನು ನಾಳೆಯಿಂದ ಯಾರ ಜೊತೆ ಆಡ್ತಾನೆ?"

ನನ್ನ ಹದಿನಾರು ಪುಟದಲ್ಲಿ ಆ ಹುಡುಗ ಇದ್ದ. 'ಉಳಿದುಹೋದ ಸಾಕ್ಷಿ' ಎಂದು ಅವನಿಗೊಂದು ಹೆಸರನ್ನೂ ಕೊಟ್ಟಿದ್ದೆ. ಆದರೆ ಅವನಿಗೆ ನಾಳೆ ಎನ್ನುವುದೊಂದಿದೆ ಎಂದು ನನಗೆ ಹೊಳೆದಿರಲಿಲ್ಲ. ಆ ರಾತ್ರಿ ಪೆನ್ಸಿಲ್ ಇಲ್ಲದೆ ಇನ್ನೂ ಮೂರು ಮಕ್ಕಳ ಕತೆ ಓದಿದೆ.

ಅಡುಗೆ ಪುಸ್ತಕ ಬಂದದ್ದು ಬೇರೆ ದಾರಿಯಲ್ಲಿ. ಮೆಸ್ಸಿನ ಊಟ ಬಿಟ್ಟು ರೂಮಿನಲ್ಲೇ ಬೇಯಿಸಿಕೊಳ್ಳಲು ಶುರುಮಾಡಿದಾಗ ಅಮ್ಮ ತನ್ನ ಮದುವೆಯಲ್ಲಿ ಬಂದಿದ್ದ ಪುಸ್ತಕವನ್ನು ಚೀಲಕ್ಕೆ ತುರುಕಿದ್ದಳು. ಅದರ ಅಳತೆಗಳೆಲ್ಲ ಸೇರು, ಪಾವು, ಚಟಾಕಿನಲ್ಲಿ. ಸೇರಿಗೆ ನಾಲ್ಕು ಪಾವು ಎಂದು ಗೊತ್ತು, ಆದರೆ ನನ್ನ ರೂಮಿನಲ್ಲಿ ಪಾವು ಎಲ್ಲಿಂದ ಬರಬೇಕು? ಫೋನು ಮಾಡಿದರೆ ಅಮ್ಮ, "ಕಾಫಿ ಲೋಟದಲ್ಲಿ ಅಳ್ಕೊಳ್ಳೇ. ನಿನ್ನ ಹೊಟ್ಟೆ ಎಷ್ಟು ಅಂತ ಪುಸ್ತಕಕ್ಕೇನು ಗೊತ್ತು?" ಎಂದಳು.

ಆ ಪುಸ್ತಕವನ್ನು ಅಡುಗೆ ಮಾಡದಿರುವಾಗಲೂ ಓದತೊಡಗಿದೆ. ಹುರಿಯಿರಿ, ಬಾಡಿಸಿ, ಕುಟ್ಟಿ, ಸೋಸಿ, ಒಗ್ಗರಣೆ ಕೊಡಿ. ಸಾಲುಸಾಲು ಕ್ರಿಯಾಪದ. ನನ್ನ ಥೀಸಿಸಿನಲ್ಲಿ 'ಆಗಿದೆ', 'ಎನ್ನಬಹುದಾಗಿದೆ' ಬಿಟ್ಟರೆ ಬೇರೆ ಕ್ರಿಯಾಪದವೇ ಇಲ್ಲ. ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು: ಮಸಾಲೆಯನ್ನು ಹಸಿ ವಾಸನೆ ಹೋಗುವ ತನಕ ಹುರಿಯುವುದು. ಎಷ್ಟು ನಿಮಿಷ ಎಂದು ಪುಸ್ತಕ ಹೇಳುವುದಿಲ್ಲ. ಅದು ಓದುವವಳ ಮೂಗನ್ನು ನಂಬುತ್ತದೆ. ಹದ ತಪ್ಪಿದರೆ ಆ ರಾತ್ರಿಯೇ ತಟ್ಟೆಯಲ್ಲಿ ಗೊತ್ತಾಗುತ್ತದೆ, ಯಾವ ಸಮಿತಿಯ ವರದಿಗೂ ಕಾಯಬೇಕಿಲ್ಲ.

ನಗು ಬರುವ ಸಂಗತಿಯೆಂದರೆ, ಇದೇ ವಿಷಯವನ್ನು ನಾನು ಪರೀಕ್ಷೆಗೆಂದು ಭಯಭಕ್ತಿಯಿಂದ ಓದಿದ್ದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಬಾವಿಗೆ ನೀರಿನ ಸೆಲೆ ಹುಡುಕುವುದರಿಂದ ಹಿಡಿದು ಗಿಡಮರಗಳ ಆರೈಕೆ, ಸುಗಂಧ, ವಿಷವೈದ್ಯ, ಅಡುಗೆಯವರೆಗೆ ಎಲ್ಲವೂ ಇದೆ. ಮನೆಯಲ್ಲಿದ್ದರೆ ಕಷ್ಟಕಾಲಕ್ಕೆ ಒದಗುವ ಪುಸ್ತಕ ಅದು, ಹೆಸರೇ ಹೇಳುವಂತೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ 'ಸೂಪಶಾಸ್ತ್ರ'ದಲ್ಲಿ ಬದನೆ, ಬಾಳೆ, ಹಲಸುಗಳ ಅಡುಗೆಯನ್ನು ವಾರ್ಧಕ ಷಟ್ಪದಿಯಲ್ಲಿ ಹೇಳಿದ. 11ನೇ ಶತಮಾನದ ದುರ್ಗಸಿಂಹನ 'ಪಂಚತಂತ್ರ'ದ ಮೂಲ ಕತೆಯಾದರೂ ಏನು? ಓದು ತಲೆಗೆ ಹತ್ತದ ರಾಜಕುಮಾರರಿಗೆ ಬದುಕುವ ಉಪಾಯವನ್ನು ಪ್ರಾಣಿಗಳ ಕತೆಯಲ್ಲಿ ಹೇಳಿಕೊಡುವುದು. ಮಕ್ಕಳ ಕತೆ, ವ್ಯಕ್ತಿತ್ವ ವಿಕಸನ ಎರಡೂ ಒಂದೇ ಗ್ರಂಥದಲ್ಲಿ! ಐನೂರು ವರ್ಷ ಹಳೆಯದಾದರೆ ಬದನೆಕಾಯಿ ಪಲ್ಯವೂ ಶಾಸ್ತ್ರ ಸಾಹಿತ್ಯ. ಅಮ್ಮನ ಕಪಾಟಿನಲ್ಲಿದ್ದರೆ ಅದು ಬರೀ ಅಡುಗೆ ಪುಸ್ತಕ. ಈ ತಕ್ಕಡಿಯನ್ನು ನನ್ನ ಕೈಗೆ ಯಾರು ಕೊಟ್ಟರೋ ಗೊತ್ತಿಲ್ಲ. ಅದರಲ್ಲಿ ನಾನು ಮೊದಲು ತೂಗಿದ್ದು ಮಾತ್ರ ಅಪ್ಪನನ್ನು.

ಅಪ್ಪನಿಗೆ ಅರಸೀಕೆರೆಯಲ್ಲಿ ಎಸ್‌ಟಿಡಿ ಬೂತ್ ಇತ್ತು. ಜಂಕ್ಷನ್ ಊರು. ರೈಲು ತಪ್ಪಿದವರು, ರೈಲಿಗೆ ಕಾಯುವವರು ಎಲ್ಲರೂ ಮನೆಗೆ ಫೋನು ಮಾಡಬೇಕು. ಗಾಜಿನ ಗೂಡು, ಓಡುವ ಕೆಂಪು ಅಂಕಿ, ಮಾತು ಮುಗಿದೊಡನೆ ಕಿರ್ರೆಂದು ಹೊರಬರುವ ಬಿಲ್ಲಿನ ಚೀಟಿ. ಮೊಬೈಲು ಎಲ್ಲರ ಕೈಗೂ ಬಂದಿತು. ನಾನು ಹೈಸ್ಕೂಲಿಗೆ ಸೇರುವ ಹೊತ್ತಿಗೆ ಗಾಜಿನ ಗೂಡಿನಲ್ಲಿ ಅಪ್ಪ ಕೊಡೆ ಮತ್ತು ಊಟದ ಡಬ್ಬಿ ಇಡುತ್ತಿದ್ದರು. ಆ ದಿನಗಳಲ್ಲಿ ಅವರ ಮೇಜಿನ ಮೇಲೆ ಎರಡು ಪುಸ್ತಕ ಯಾವಾಗಲೂ ಇರುತ್ತಿದ್ದವು: 'ವಿಜಯಕ್ಕೆ ಐದು ಮೆಟ್ಟಿಲು' ಮತ್ತು ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ'. ಬೂತ್ ಮುಚ್ಚಿ ಬರೀ ಜೆರಾಕ್ಸ್ ಉಳಿದಾಗ ಆ ಪುಸ್ತಕಗಳು ಮನೆಯ ಶೋಕೇಸಿಗೆ ಬಂದವು.

ಎಂ.ಎ. ಎರಡನೆಯ ವರ್ಷದ ದಸರಾ ರಜೆಯಲ್ಲಿ ನಾನು ಮಹಾಜ್ಞಾನಿ. ಅಪ್ಪನ ಸ್ನೇಹಿತರೊಬ್ಬರು ಬಂದಿದ್ದಾಗ ಶೋಕೇಸ್ ತೋರಿಸಿ ಹೇಳಿದೆ: "ಇವೆಲ್ಲ ಪುಸ್ತಕಗಳೇ ಅಲ್ಲ ಅಪ್ಪ. ಸೋತವನಿಗೆ ನಿನ್ನ ಸೋಲಿಗೆ ನೀನೇ ಕಾರಣ ಅಂತ ಹೇಳಿ ದುಡ್ಡು ಮಾಡೋ ದಂಧೆ." ಅಪ್ಪ ನಕ್ಕರು. ಸಂಕ್ರಾಂತಿಗೆ ಹೋದಾಗ ಆ ಎರಡು ಪುಸ್ತಕ ಅಲ್ಲಿರಲಿಲ್ಲ. ಆ ಜಾಗದಲ್ಲಿ ನಾನು ಮನೆಯಲ್ಲಿ ಬಿಟ್ಟುಹೋಗಿದ್ದ ವಿಮರ್ಶೆಯ ಪುಸ್ತಕಗಳನ್ನು ಅಪ್ಪ ಎತ್ತರದ ಪ್ರಕಾರ ಜೋಡಿಸಿಟ್ಟಿದ್ದರು. ಆಗ ನನಗೆ ಹೆಮ್ಮೆಯೇ ಆಗಿತ್ತು.

ನನ್ನ ವಾದ ತಪ್ಪು ಎಂದು ಈಗಲೂ ಅನ್ನಿಸುವುದಿಲ್ಲ. ಎಸ್‌ಟಿಡಿ ಬೂತ್ ಮುಚ್ಚಿದ್ದು ಅಪ್ಪನ ಮನೋಬಲ ಕಡಿಮೆಯಾಗಿದ್ದಕ್ಕಲ್ಲ. ಐದಲ್ಲ, ಐವತ್ತು ಮೆಟ್ಟಿಲು ಹತ್ತಿದ್ದರೂ ಅದು ಮುಚ್ಚುತ್ತಿತ್ತು. ಆದರೆ ಮೂರನೆಯ ಅಧ್ಯಾಯದಲ್ಲಿ ಮುಳುಗಿ, ಬೆಳಿಗ್ಗೆ ಹಾಸಿಗೆ ಬಿಟ್ಟೇಳಲು ಕಾರಣ ಹುಡುಕುತ್ತಿದ್ದ ದಿನಗಳಲ್ಲಿ ಹಳೇ ಪುಸ್ತಕದ ಅಂಗಡಿಯ ರಾಶಿಯಲ್ಲಿ ಅದೇ ಹೆಸರು ಕಂಡಾಗ ನನ್ನ ಕೈ ಸುಮ್ಮನಿರಲಿಲ್ಲ. ಬಾಗಿಲು ಹಾಕಿಕೊಂಡು ಓದಿದೆ. ಅರ್ಧ ಪುಟಗಳಲ್ಲಿ ಜಗಳವಾಡಿದೆ. ಇನ್ನರ್ಧ ಪುಟಗಳಲ್ಲಿ, ಯಾರೋ ಪಕ್ಕದಲ್ಲಿ ಕೂತು 'ನಾಳೆ ಏಳು' ಎನ್ನುತ್ತಿದ್ದಾರೆ ಎನಿಸಿತು. ನನ್ನ ಸಿದ್ಧಾಂತದ ಪುಸ್ತಕಗಳಲ್ಲಿ ಒಂದೂ ನಾನು ನಾಳೆ ಏಳುತ್ತೇನೋ ಇಲ್ಲವೋ ಎಂದು ವಿಚಾರಿಸಿರಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನನ್ನು ಕೇಳಿದೆ, ಆ ಪುಸ್ತಕ ಎಲ್ಲಿ ಎಂದು. ಅವರು ಮಂಚದ ಕೆಳಗಿನ ಟ್ರಂಕ್ ಎಳೆದರು. ಪುಸ್ತಕದ ನಡುವೆ ಬೂತಿನ ಬಿಲ್ಲಿನ ಚೀಟಿಯೊಂದು ಗುರುತಿಗೆ ಇತ್ತು, ಅಂಕಿಗಳು ಮಾಸಿದ್ದವು.

"ಇದರಿಂದ ನಿಮಗೆ ಏನಾದ್ರೂ ಉಪಯೋಗ ಆಯ್ತಾ ಅಪ್ಪ?"

"ಐದು ಮೆಟ್ಟಿಲು ಯಾವ್ಯಾವುದು ಅಂತ ಕೇಳಿದ್ರೆ ಈಗ ನಂಗೂ ಗೊತ್ತಿಲ್ಲ ಕಣಮ್ಮ," ಎಂದರು. "ಬೆಳಿಗ್ಗೆ ಹೋಗಿ ಶಟರ್ ಎತ್ತೋಕೆ ಏನಾದ್ರೂ ಒಂದು ಬೇಕಿತ್ತಲ್ಲ. ಎರಡು ಪುಟ ಓದ್ತಿದ್ದೆ, ಎತ್ತುತಿದ್ದೆ. ಅದು ನಿಜವೋ ಸುಳ್ಳೋ ಅಂತ ನೋಡ್ತಾ ಕೂರೋಕೆ ಪುರುಸೊತ್ತೆಲ್ಲಿತ್ತು?"

ನನ್ನ ಜೋಳಿಗೆಯಲ್ಲಿ ಈ ಮಾತಿಗೆ ಉತ್ತರವಿರಲಿಲ್ಲ. ಅವತ್ತು ಹಾಗೆ ಅಂದದ್ದು ತಪ್ಪಾಯಿತು ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಅಪ್ಪ, "ಥೀಸಿಸ್ ಯಾವಾಗ ಮುಗಿಯುತ್ತೆ?" ಎಂದು ಕೇಳಿ ಮಾತು ಬೇರೆ ಕಡೆ ತಿರುಗಿತು. ಹೊರಡುವ ಬೆಳಿಗ್ಗೆ ನಾನು ಆ ಪುಸ್ತಕವನ್ನು ಶೋಕೇಸಿನಲ್ಲಿಡಲು ಹೋದೆ. ಅಪ್ಪ ಬೇಡವೆಂದರು. "ಅಲ್ಲಿ ನಿನ್ನ ಪುಸ್ತಕಾನೇ ಇರ್ಲಿ. ಬಂದವರು ನೋಡಿ ಕೇಳ್ತಾರೆ." ಅವರು ಕೋಪದಿಂದೇನೂ ಹೇಳಲಿಲ್ಲ. ಅದಕ್ಕೇ ನನಗೆ ಮತ್ತೆ ಒತ್ತಾಯಿಸಲು ಬಾಯಿ ಬರಲಿಲ್ಲ.

ಈಗ ಯಾರಾದರೂ ಏನು ಓದುತ್ತಿದ್ದೀಯ ಎಂದರೆ ಇದ್ದದ್ದನ್ನೇ ಹೇಳುತ್ತೇನೆ. ಕೆಲವರು ತಮಾಷೆ ಎಂದುಕೊಳ್ಳುತ್ತಾರೆ. ಮೂರನೆಯ ಅಧ್ಯಾಯ ಇನ್ನೂ ಮುಗಿದಿಲ್ಲ, ಅದರ ಹಸಿ ವಾಸನೆ ನನ್ನ ಮೂಗಿಗೇ ಹೊಡೆಯುತ್ತಿದೆ. ಆದರೆ ಅವತ್ತು ಅರಸೀಕೆರೆಯಿಂದ ಹೊರಟ ಮೈಸೂರು ರೈಲಿನಲ್ಲಿ ಕಿಟಕಿ ಪಕ್ಕ ಕೂತು, ಥೀಸಿಸಿಗೆಂದು ನಾಲ್ಕು ಸಲ ಓದಿದ್ದ ಕಾದಂಬರಿಯನ್ನು ಮತ್ತೊಮ್ಮೆ ತೆರೆದೆ. ತಾಯಿ ಅಳುವ ಆ ಪುಟ ಬಂದಾಗ, ಅಂಚಿನಲ್ಲಿದ್ದ ನನ್ನದೇ ಟಿಪ್ಪಣಿಯ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ, ಓದಿದೆ. ಹೊಳೆನರಸೀಪುರ ದಾಟಿದ್ದು ಗೊತ್ತಾಗಲಿಲ್ಲ.